ರೇಡಿಯೋಕ್ಕೆ ಹಚ್ಚಿದ ರಾಳ

ಕೆದಂಬಾಡಿಯ ತಿರುಮಲೇಶ್ವರ ಭಟ್ಟರು ಒಮ್ಮೆ ಅಂಟಿಸಿದ್ದು ಮತ್ತೆ ಬಿಡುವುದಿಲ್ಲ ಎಂಬ ಮಾತು ಸವಣೂರಿನಿಂದ ಈಶ್ವರಮಂಗಲದವರೆಗೆ ಇತ್ತು. ಇದು ಹೊಗಳಿಕೆಯೇ. ಕೊಳೆರೋಗ ಬಾರದಿರಲೆಂದು ಮಳೆಗೆ ಮೊದಲು ಅಡಿಕೆ ಗೊನೆಗಳಿಗೆ ಹೊಡೆಯುವ ಮೈಲುತುತ್ತಿನ ಮದ್ದು ನೀರಿಗೆ ತೊಳೆದುಹೋಗದ ಹಾಗೆ ಅದಕ್ಕೆ ರಾಳದ ಅಂಟು ಸೇರಿಸುವ ಕ್ರಮವಿದೆ. ರಾಳವನ್ನು ಸೋಡಾದೊಂದಿಗೆ ಕುದಿಸಿ ಇಳಿಸುವ ಹದ ಮನೆಮನೆಗೆ ಬೇರೆ. ಭಟ್ಟರ ಹದ ಎಂಥದ್ದೆಂದರೆ, ಆಟಿ ತಿಂಗಳ ಮಳೆ ತನ್ನ ಕೈಲಾದದ್ದನ್ನೆಲ್ಲ ಮಾಡಿ ಹೋದ ಮೇಲೂ ಅವರ ಗೊನೆಗಳ ಮೇಲೆ ಮದ್ದು ತಿಳಿನೀಲಿಯಾಗಿ ಕೂತೇ ಇರುತ್ತಿತ್ತು. ಕೊಯ್ಲಿನ ಹೊತ್ತಿಗೆ ಅದನ್ನು ತಿಕ್ಕಿ ತೆಗೆಯಬೇಕಾದವರು ಏನೆನ್ನುತ್ತಿದ್ದರೆಂದು ಯಾರೂ ಕೇಳಿದವರಿಲ್ಲ.

ಅಂಥ ಭಟ್ಟರು ಅರುವತ್ತೊಂದನೆಯ ಇಸವಿಯ ಬೇಸಗೆಯಲ್ಲಿ, ಊರಿನ ಜಾತ್ರೆ, ಆಟಗಳೆಲ್ಲ ಮುಗಿಯುವ ಪತ್ತನಾಜೆಗೆ ಇನ್ನೂ ಹತ್ತು ಹನ್ನೆರಡು ದಿನ ಇದೆ ಎನ್ನುವಾಗ, ಅದೇ ರಾಳವನ್ನು ರೇಡಿಯೋಕ್ಕೆ ಹಚ್ಚಿದರು.

ರೇಡಿಯೋ ಮನೆಗೆ ಬಂದು ಒಂದು ವರ್ಷವಾಗಿತ್ತು. ಮರದ ಮೈ, ಬಟ್ಟೆಯ ಎದೆ, ಹಿಂದೆ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ತೆಂಗಿನ ಮರದಿಂದ ಹಲಸಿನ ಮರಕ್ಕೆ ಎಳೆದ ತಾಮ್ರದ ತಂತಿಯ ಮೇಲೆ ಕಾಗೆಗಳು ಕೂತು ಲೋಕದ ಸಮಾಚಾರವನ್ನು ಮೊದಲು ತಾವು ಕಾಲಿನಿಂದ ಕೇಳಿ, ಉಳಿದದ್ದನ್ನು ಕೆಳಗೆ ಬಿಡುತ್ತಿದ್ದವು. ಮುಂದೆ ಒಂದು ಉದ್ದನೆಯ ಗಾಜು. ಗಾಜಿನಲ್ಲಿ ಮೂರು ಸಾಲು ಇಂಗ್ಲಿಷಿನ ಊರುಗಳು. ಗುಂಡಿ ಒತ್ತಿದರೆ ಅವುಗಳ ಹಿಂದೆ ಸಣ್ಣದೊಂದು ದೀಪ ಹತ್ತಿ, ಕೈರೋ, ಕೊಲಂಬೊ, ಮಾಸ್ಕೋ, ಲಂಡನ್ನುಗಳೆಲ್ಲ ಹೊಳೆಯಾಚೆಯ ಮನೆಗಳ ಹಾಗೆ ಮಿಣುಕುತ್ತಿದ್ದವು. ಅವುಗಳ ನಡುವೆ ಕೆಂಪು ಮುಳ್ಳೊಂದು ದೋಣಿಯಂತೆ ಆಚೀಚೆ ಹೋಗುತ್ತಿತ್ತು. ಭಟ್ಟರ ಹೆಂಡತಿ ದೇವಕಿಗೆ ಇಂಗ್ಲಿಷ್ ಬಾರದು. ಆದರೆ ಎಡದಿಂದ ನಾಲ್ಕನೆಯ ಊರು ಕೊಲಂಬೊ, ಮಧ್ಯಾಹ್ನ ಅಲ್ಲಿ ಹಾಡು ಉಂಟು ಎಂಬಷ್ಟು ಭೂಗೋಳ ಅವಳಿಗೆ ತಿಳಿದಿತ್ತು.

ಭಟ್ಟರಿಗೂ ಒಂದು ಸಿದ್ಧಾಂತವಿತ್ತು. ಸಿನೆಮಾ ಹಾಡು ಬ್ಯಾಟರಿಯನ್ನು ವಾರ್ತೆಗಿಂತ ಬೇಗ ತಿನ್ನುತ್ತದೆ. ಅದಕ್ಕೆ ಗದರುವುದು ಉಪಾಯವಲ್ಲ. ಕಣ್ಣಿಗೆ ಬಿದ್ದ ಊರಿಗೆ ಕೈ ಹೋಗುತ್ತದೆ. ಕಾಣದ ಊರಿಗೆ ಯಾರು ಹೋಗುತ್ತಾರೆ? ಹಾಗೆಂದು ಯೋಚಿಸಿ ಒಂದು ಬೆಳಿಗ್ಗೆ ದಪ್ಪ ಕಾಗದವನ್ನು ಗಾಜಿನ ಅಳತೆಗೆ ಕತ್ತರಿಸಿ, ಕೃಷಿಕರ ಕಾರ್ಯಕ್ರಮ ಬರುವ ಧಾರವಾಡದ ಜಾಗದಲ್ಲಿ ಮಾತ್ರ ಬೆರಳಗಲದ ಕಿಂಡಿ ಬಿಟ್ಟು, ಮಿಕ್ಕ ಲೋಕವನ್ನೆಲ್ಲ ಮುಚ್ಚಿಬಿಟ್ಟರು. ಅಂಟಿಗೆ ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ರಾಳ. ಜಿರಳೆ ತಿನ್ನದಿರಲೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತು. ರಾಳಕ್ಕೆ ತುತ್ತು ಸೇರಿದರೆ ನೀರಿಗೂ ಬಗ್ಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ತಿಳಿದವರು ತಾಲೂಕಿನಲ್ಲಿರಲಿಲ್ಲ. ಕಾಗದ ಒಣಗಿ ಆಕಾಶದ ಬಣ್ಣಕ್ಕೆ ತಿರುಗಿತು. ರೇಡಿಯೋ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಏನನ್ನೋ ನೆನಪು ಮಾಡಿಕೊಳ್ಳುವವರಂತೆ ಕೂತಿತು.

ಸಂಜೆ ಕಿಂಡಿಯೊಳಗೆ ಮುಳ್ಳು ಬರಲಿಲ್ಲ. ತಿರುಗಣೆ ತಿರುಗುತ್ತದೆ, ಮುಳ್ಳು ಕಾಣಿಸುವುದಿಲ್ಲ. ಬಿಸಿ ರಾಳ ಗಾಜಿನ ಅಡಿಯ ಸಂದಿಯಿಂದ ಒಳಗಿಳಿದು, ಮುಳ್ಳು ಓಡಾಡುವ ಕಂಬಿಗೆ ಮುಳ್ಳನ್ನೇ ಅಂಟಿಸಿಬಿಟ್ಟಿತ್ತು. ಹಿಂದಿನ ದಿನ ಗಂಡನ ಮೆಟ್ಟಿನ ಸದ್ದು ಕೇಳಿ ದೇವಕಿ ಕೊಲಂಬೊದಿಂದ ತಟ್ಟನೆ ಮುಳ್ಳನ್ನು ಓಡಿಸಿದ್ದಳು; ಅದು ಯಾವ ಊರೂ ಅಲ್ಲದ ಒಂದು ಬಯಲಿನಲ್ಲಿ ನಿಂತಿತ್ತು. ಅಲ್ಲೇ ಈಗ ಶಾಶ್ವತವಾಯಿತು. ಆ ಬಯಲಿನಲ್ಲಿ ಹಗಲಿಡೀ ಒಣ ತರಗೆಲೆಯ ಮೇಲೆ ಯಾರೋ ನಡೆಯುವ ಸದ್ದು. ಹೊತ್ತು ಕಂತುವಾಗ ಮಾತ್ರ ಎಲ್ಲಿಂದಲೋ ಒಬ್ಬ ಗಂಡಸಿನ ಸ್ವರ ಅಲೆಯಲೆಯಾಗಿ ಬಂದು, ತಿಳಿಯದ ಭಾಷೆಯಲ್ಲಿ ಏನನ್ನೋ ಉದ್ದಕ್ಕೆ ಹೇಳಿ ಹೋಗುತ್ತಿತ್ತು.

ಭಟ್ಟರ ತಾಯಿ ಪರಮೇಶ್ವರಿ ಅಮ್ಮ ಜಗಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಾ ಅದನ್ನು ಕೇಳಿ, "ಇದು ಕಾಶಿಯಿಂದ. ಸಾಮವೇದ," ಎಂದು ತೀರ್ಪು ಕೊಟ್ಟರು.

"ಮಳೆಗಾಲ ಮುಗೀಲಿ, ನೋಡುವ," ಎಂದರು ಭಟ್ಟರು. ಮದ್ದು ಬಿಡುವ ತಯಾರಿಯ ಕಾಲದಲ್ಲಿ ರೇಡಿಯೋದ ಚಿಂತೆಗೆ ಅವರಲ್ಲಿ ಪುರುಸೊತ್ತಿರಲಿಲ್ಲ.

ದೇವಕಿಗೆ ಮಾತ್ರ ಮಳೆಗಾಲ ಮುಗಿಯುವವರೆಗೆ ಕಾಯುವ ಹಾಗಿರಲಿಲ್ಲ. ಅವಳಲ್ಲಿ ಒಂದು ಕಾರ್ಡಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬೆಂಗಳೂರಿನ ಮಹಿಳೆಯರ ಕಾರ್ಯಕ್ರಮದ ಹೆಂಗಸು, ಮನೆಗೆಲಸದ ಉಪಾಯ ಗೊತ್ತಿದ್ದವರು ಬರೆದು ಕಳಿಸಿ ಎಂದಿದ್ದಳು. ದೇವಕಿ ಬರೆದಳು. ಹಲಸಿನ ಹಣ್ಣು ಕೊಯ್ದ ಮೇಣ ಕೈಗೆ, ಕತ್ತಿಗೆ, ಸೀರೆಗೆ, ಪಾತ್ರೆಗೆ ಅಂಟಿದರೆ ನೀರು ಮುಟ್ಟಿಸಬಾರದು, ಮೊದಲು ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. ಇಷ್ಟು ಬರೆದ ಮೇಲೆ ಕಾರ್ಡಿನಲ್ಲಿ ಜಾಗ ಉಳಿದದ್ದರಿಂದ, 'ಇದು ಎಲ್ಲ ಬಗೆಯ ಅಂಟಿಗೂ ಆಗುತ್ತದೆ' ಎಂಬುದನ್ನೂ ಸೇರಿಸಿದಳು. ಪುರಾಣಗಳಲ್ಲಿ ಹೆಚ್ಚಿನ ತಾಪತ್ರಯಗಳು ಹೀಗೆ ಜಾಗ ಉಳಿದಾಗ ಕೊಟ್ಟ ಮಾತುಗಳಿಂದಲೇ ಆಗಿವೆ. ರಾಳ ಹಚ್ಚಿದ ದಿನವೇ ಅಂಚೆಯವ ಉತ್ತರ ತಂದ: ಬರುವ ಬುಧವಾರ ಮಧ್ಯಾಹ್ನ ಒಂದೂವರೆಯ ಕಾರ್ಯಕ್ರಮದಲ್ಲಿ ತಮ್ಮ ಪತ್ರವನ್ನು ತಮ್ಮ ಹೆಸರಿನೊಂದಿಗೆ ಓದಲಾಗುವುದು.

ತಮ್ಮ ಹೆಸರಿನೊಂದಿಗೆ. ಆ ಎರಡು ಪದಗಳನ್ನು ಅವಳು ಕಾರ್ಡಿನಲ್ಲಿ ಎಷ್ಟು ಸಲ ಓದಿದಳೋ. ಮದುವೆಯಾಗಿ ಹತ್ತೊಂಬತ್ತು ವರ್ಷ. ಗಂಡ ಕರೆಯುವುದು 'ಇಕೊಳ್ಳು', ಇಲ್ಲಿ ಕೇಳು, ಎಂದು. ಅತ್ತೆ 'ಕೂಸೇ' ಎಂದು. ಕೆಲಸದವರು 'ಅಕ್ಕೆ' ಎಂದು. ಊರವರು ಭಟ್ಟರ ಮನೆಯವರು ಎಂದು. ದೇವಕಿ ಎಂದು ಕರೆಯುತ್ತಿದ್ದ ಬಾಯಿಗಳೆಲ್ಲ ಕಡಬದ ಆಚೆ, ತವರಿನಲ್ಲಿ; ಅವುಗಳಲ್ಲೂ ಎರಡು ಈಗ ಇರಲಿಲ್ಲ. ಆ ಹೆಸರು ಬೆಂಗಳೂರಿನಿಂದ ಹೊರಟು, ಘಟ್ಟ ಇಳಿದು, ತಾಮ್ರದ ತಂತಿ ಹಿಡಿದು ಮನೆಗೆ ಬರುವುದನ್ನು ಒಮ್ಮೆ ಕೇಳಬೇಕು. ಅಷ್ಟೇ ಅವಳ ಆಸೆ. ಗಂಡನಿಗೆ ಹೇಳಲಿಲ್ಲ, ಹೇಳಿದರೆ ಅದು ಕೃಷಿಯ ವಿಷಯವಲ್ಲ ಎಂದಾರು. ಕಾರ್ಡನ್ನು ಅಕ್ಕಿ ಮುಡಿಯ ಹಗ್ಗಕ್ಕೆ ಸಿಕ್ಕಿಸಿಟ್ಟಳು.

ಶನಿವಾರ ಮಧ್ಯಾಹ್ನ ಗಂಡ ತೋಟಕ್ಕಿಳಿದದ್ದೇ ತಡ, ಅವಳು ತನ್ನ ಉಪಾಯವನ್ನು ತಾನೇ ಪ್ರಯೋಗಿಸಿದಳು. ನೀಲಿ ಕಾಗದಕ್ಕೆ ತೆಂಗಿನೆಣ್ಣೆ ಹಚ್ಚಿದಳು. ಕಾಗದ ಎಣ್ಣೆ ಕುಡಿದು ಇನ್ನಷ್ಟು ನೀಲಿಯಾಯಿತು, ಅಲುಗಲಿಲ್ಲ. ಸಂದಿಯೊಳಗೂ ಎರಡು ಹನಿ ಬಿಟ್ಟಳು. ಈಗ ಎಣ್ಣೆ, ಮುಳ್ಳನ್ನು ಎಳೆಯುವ ತಿರುಗಣೆಯ ದಾರಕ್ಕೆ ಇಳಿದು, ಮೊದಲು ಬಿಗಿಯಾಗಿ ತಿರುಗುತ್ತಿದ್ದದ್ದು ಬೆಣ್ಣೆಯಲ್ಲಿ ಕಡೆಗೋಲು ತಿರುಗಿದಂತೆ ಸುಮ್ಮನೆ ಸುತ್ತತೊಡಗಿತು.

"ಕೂಸೇ, ಎಂತ ಅದು? ರೇಡಿಯೋಕ್ಕೆ ಎಣ್ಣೆ ಸ್ನಾನವಾ?"

ಪರಮೇಶ್ವರಿ ಅಮ್ಮ ಬಾಗಿಲಲ್ಲಿ ನಿಂತಿದ್ದರು. ದೇವಕಿ ಒಮ್ಮೆಗೇ ಅತ್ತುಬಿಟ್ಟಳು; ಮತ್ತೆ ಕಾರ್ಡು ತಂದು ಓದಿ ಹೇಳಿದಳು. ಮುದುಕಿ ಪೂರ್ತಿ ಕೇಳಿದರು. ಬೈಯುವರೆಂದು ಸೊಸೆ ಕಾದು ನಿಂತಳು.

"ನೀ ಅಳುದು ಎಂತಕ್ಕೆ?" ಎಂದರು ಅಮ್ಮ. "ನನ್ನ ಹೆಸರು ಒಬ್ಬ ಜೋರಾಗಿ ಹೇಳಿದ್ದು ಓಟಿನ ದಿನ. ಮೊದಲನೆ ಓಟು. ಶಾಲೆಯಲ್ಲಿ ಮೇಜು ಹಾಕಿ ಕೂತಿದ್ದ ಪುಣ್ಯಾತ್ಮ. 'ಪರಮೇಶ್ವರಿ' ಅಂತ ಓದಿದ. ನಾನು ಯಾರಪ್ಪಾ ಅದು ಅಂತ ಹಿಂದೆ ತಿರುಗಿ ನೋಡಿದೆ."

"ಮತ್ತೆ?"

"ಮತ್ತೆ ಎಂತ? ಹಿಂದೆ ಯಾರೂ ಇರಲಿಲ್ಲ." ಕಾರ್ಡನ್ನು ಕೈಗೆ ತೆಗೆದುಕೊಂಡು, "ಆ ದಿನವಿಡೀ ಕಾಲು ನೆಲಕ್ಕೆ ತಾಗಲಿಲ್ಲ ನನಗೆ," ಎಂದರು.

ಆ ಸಂಜೆ ಅವರು ಮಗನಿಗೆ, ಸಾಮವೇದ ಸಾಕಾಯಿತು, ತನಗೆ ವಾರ್ತೆ ಬೇಕು, ಬುಧವಾರದ ಒಳಗೆ ಬೇಕು ಎಂದು ಅಪ್ಪಣೆ ಕೊಟ್ಟರು. ಬುಧವಾರವೇ ಯಾಕೆಂದು ಕೇಳುವ ಧೈರ್ಯ ಮಗನಿಗಿರಲಿಲ್ಲ.

ಭಾನುವಾರ ಸಂಜೆ ಪುತ್ತೂರಿನಿಂದ ಕುಂಞಿ ಮೋನು ಸೈಕಲಿನಲ್ಲಿ ಬಂದ. ಪೆಟ್ರೋಮ್ಯಾಕ್ಸ್, ಗೋಡೆ ಗಡಿಯಾರ, ಕೊಡೆ, ರೇಡಿಯೋ, ಹೀಗೆ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸುವ ಬ್ಯಾರಿ ಮುಸಲ್ಮಾನ. ಕೂಡಿಸಿದ ಮೇಲೆ ಒಂದೆರಡು ತಿರುಪು ಉಳಿಯುತ್ತಿತ್ತೆಂದು ಆಗದವರು ಹೇಳುತ್ತಿದ್ದರು. ಅವನು ರೇಡಿಯೋದ ಬೆನ್ನು ತೆಗೆದು, ಮೂಗನ್ನು ಒಳಗಿಟ್ಟು ಮೂಸಿದ.

"ಯಾರು ಮಾರಾಯ್ರೆ ಇದಕ್ಕೆ ಮದ್ದು ಬಿಟ್ಟದ್ದು? ಕೊಳೆರೋಗ ಬಂದಿತ್ತಾ?"

ಭಟ್ಟರು ಕೆಮ್ಮಿದರು.

"ಮತ್ತೆ ಎಣ್ಣೆ ಬಿಟ್ಟದ್ದು ಯಾರು?"

ಈಗ ಒಳಗಿನಿಂದ ಕೆಮ್ಮು ಕೇಳಿಸಿತು.

"ನೋಡಿ, ರಾಳ ಹಿಡಿದದ್ದು ಒಂದು, ಎಣ್ಣೆ ಜಾರುದು ಇನ್ನೊಂದು. ಚಿಮಿಣಿ ಎಣ್ಣೆ ಹಾಕಿದ್ರೆ ರಾಳ ಬಿಡ್ತದೆ, ದಾರ ಮತ್ತೂ ಜಾರ್ತದೆ. ನೀರು ಹಾಕಿದ್ರೆ ರೇಡಿಯೋ ಸಾಯ್ತದೆ. ಕೆರೆದ್ರೆ ಮುಳ್ಳು ಮುರೀತದೆ. ಇದಕ್ಕೆ ಸ್ಪಿರಿಟೇ ಆಗಬೇಕು. ರಾಳವನ್ನೂ ಕರಗಿಸ್ತದೆ, ಎಣ್ಣೆಯನ್ನೂ ಎಳ್ಕೊಂಡು ಹೋಗ್ತದೆ, ತಾನೂ ಆರಿ ಹೋಗ್ತದೆ."

"ಹಾಗಾದ್ರೆ ಹಾಕು."

"ಎಲ್ಲಿಂದ ಹಾಕುದು? ಪಾನನಿರೋಧ ಅಲ್ವಾ ಭಟ್ರೆ. ಸ್ಪಿರಿಟಿಗೆ ಪರ್ಮಿಟ್ ಬೇಕು. ದೊಡ್ಡ ಡಾಕ್ಟ್ರಿಗೇ ಚಮಚದಲ್ಲಿ ಅಳೆದು ಕೊಡುದು." ಅವನು ಸ್ವರ ತಗ್ಗಿಸಿದ. "ಇನ್ನೊಂದು ಉಂಟು. ಗೇರುಹಣ್ಣಿಂದು. ಮೊದಲ ಬಟ್ಟಿ. ಅದು ಸ್ಪಿರಿಟಿನ ಅಣ್ಣ. ನನಗೆ ಅದು ಮುಟ್ಟಲಿಕ್ಕಿಲ್ಲ, ಎಲ್ಲಿ ಸಿಗ್ತದೆ ಅಂತ ಹೇಳಲಿಕ್ಕೂ ಇಲ್ಲ. ಸುಳ್ಯದ ಕಡೆಯವರನ್ನು ಕೇಳಿ."

ಅಷ್ಟರಲ್ಲಿ ಹೊತ್ತು ಕಂತಿತು. ಬೆನ್ನು ತೆರೆದಿದ್ದ ರೇಡಿಯೋದಿಂದ ಆ ದೂರದ ಸ್ವರ ಎದ್ದು ಬಂತು. ಪರಮೇಶ್ವರಿ ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಕೇಳು ಮೋನು, ಸಾಮವೇದ," ಎಂದರು.

ಕುಂಞಿ ಮೋನು ಕಿವಿಗೊಟ್ಟು ಕೇಳಿದ. ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡ. "ಅಮ್ಮಾ, ಇದು ಅರಬ್ಬಿ. ಕಡಲಿನ ಆಚೆಯದ್ದು."

"ಹೌದಾ? ಎಂತ ಹೇಳ್ತಾನೆ?"

"ಅದು ಗೊತ್ತಾಗುದಿಲ್ಲ. ನಮಗೆ ಓದ್ಲಿಕ್ಕೆ ಕಲಿಸಿದ್ದಾರೆ, ಅರ್ಥ ಕಲಿಸಿಲ್ಲ."

"ನಮಗೂ ಮಂತ್ರ ಹಾಗೇ," ಎಂದರು ಅಮ್ಮ. "ಸ್ವರ ಒಳ್ಳೇದುಂಟು. ಇರ್ಲಿ."

ಇಬ್ಬರೂ ಕಾರ್ಯಕ್ರಮ ಮುಗಿಯುವವರೆಗೆ ಕೂತು ಕೇಳಿದರು. ಅದು ಪೇಟೆಯ ಖರ್ಜೂರದ ಧಾರಣೆಯೋ ಹವಾಮಾನವೋ, ಹೇಳಿದವನಿಗೇ ಗೊತ್ತು.

ಸೋಮವಾರ ಸವಣೂರಿನ ಸಂತೆಯಲ್ಲಿ ಭಟ್ಟರು ಮೇದಪ್ಪನನ್ನು ಹಿಡಿದರು. ಸುಳ್ಯದ ಕಡೆಯ ಗೌಡ; ಸ್ವಂತ ಬೇಸಾಯ, ಗುಡ್ಡೆಯ ತುಂಬ ಗೇರುಮರ. ಭಟ್ಟರ ರಾಳದ ಹದ ಕೇಳಲು ಮೂರು ವರ್ಷದಿಂದ ಹಿಂದೆ ಬಿದ್ದವನು. ಭಟ್ಟರು ಅದನ್ನು ಬಿಟ್ಟುಕೊಟ್ಟಿರಲಿಲ್ಲ.

"ಮೇದಪ್ಪ, ನಿಮ್ಮಲ್ಲಿ ಗೇರುಹಣ್ಣು ಈ ವರ್ಷ ಹೇಗೆ?"

"ಲಾಯ್ಕ ಉಟ್ಟು," ಎಂದ ಮೇದಪ್ಪ ತನ್ನ ಅರೆಭಾಷೆಯಲ್ಲಿ.

"ಹಣ್ಣನ್ನೆಲ್ಲ ಎಂತ ಮಾಡುದು ನೀವು?"

"ದನ ತಿಂತದೆ."

"ದನ ತಿಂದು ಉಳಿದದ್ದು?"

ಮೇದಪ್ಪ ಭಟ್ಟರ ಮುಖವನ್ನೇ ನೋಡಿದ. "ಎಂತ ಬೇಕು ಭಟ್ರೆ, ನೆಟ್ಟಗೆ ಹೇಳಿ."

"ಸ್ವಲ್ಪ... ರಸ. ಕುದಿಸಿದ್ದು. ಆವಿ ಹಿಡಿದದ್ದು."

"ಅಯ್ಯೋ ದೇವರೇ! ನಿಮಗಾ?"

"ಛೆ ಛೆ! ರೇಡಿಯೋಕ್ಕೆ."

"ರೇಡಿಯೋ ಕುಡೀತದಾ?"

"ಕುಡಿಯುದಲ್ಲ ಮಾರಾಯ, ಹಚ್ಚಲಿಕ್ಕೆ."

"ನಮ್ಮ ಅಪ್ಪನೂ ಮೊದಲು ಮಂಡಿನೋವಿಗೆ ಹಚ್ಚಲಿಕ್ಕೆ ಅಂತಲೇ ಶುರು ಮಾಡಿದ್ದು," ಎಂದ ಮೇದಪ್ಪ. ಮತ್ತೆ ತುಸು ಯೋಚಿಸಿ, "ಆಯ್ತು. ಬುಧವಾರ ತಂದುಕೊಡ್ತೇನೆ. ನೀವು ರಾಳದ ಹದ ಹೇಳಿ," ಎಂದ.

ಭಟ್ಟರು ಸಂತೆಯ ನಡುವೆ ಕಣ್ಣು ಮುಚ್ಚಿ ನಿಂತರು. ಮುಚ್ಚಿದ ಕಣ್ಣಿನೊಳಗೆ ತಾಯಿಯ ಮುಖ ಕಂಡಿರಬೇಕು. ಹದ ಹೇಳಿದರು.

ಬುಧವಾರ ಗಾಳಿ ಸತ್ತುಹೋಗಿತ್ತು. ಬೇಸಗೆಯ ಕೊನೆಯ ಬಿಸಿಲು ಅಂಗಳದ ಮೇಲೆ ನಡುಗುತ್ತಿತ್ತು. ನೋಡಿದರೆ ಅಂಗಳವೇ ನೀರಿನ ಅಡಿಯಲ್ಲಿದ್ದಂತೆ ಕಾಣುತ್ತಿತ್ತು. ಕುಂಞಿ ಮೋನು ಹತ್ತು ಗಂಟೆಗೇ ಬಂದು ಜಗಲಿಯಲ್ಲಿ ಕೂತಿದ್ದ. ಮೇದಪ್ಪ ಬಂದದ್ದು ಹನ್ನೆರಡಕ್ಕೆ, ಹೆಗಲ ಮೇಲೆ ಹಲಸಿನ ಹಣ್ಣಿನ ಗೋಣಿ. ಗೋಣಿಯೊಳಗೆ ಹಣ್ಣಿನ ಅಡಿಯಲ್ಲಿ ಕಷಾಯದ ಬಾಟ್ಲಿ, ಬಾಯಿಗೆ ಬಾಳೆಲೆಯ ಬಿರಡೆ. ನಾಲ್ಕು ಹನಿಯನ್ನು ಮೆಟ್ಟಿಲ ಕಲ್ಲಿನ ಮೇಲೆ ಚೆಲ್ಲಿ ಕಡ್ಡಿ ಗೀರಿದ. ಹಗಲಿಗೆ ಕಾಣಿಸುವುದೋ ಇಲ್ಲವೋ ಎಂಬಂಥ ನೀಲಿ ಜ್ವಾಲೆಯೊಂದು ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಓಡಾಡಿ, ಯಾರನ್ನೂ ಸುಡದೆ ಹೊರಟುಹೋಯಿತು.

"ನೋಡಿ," ಎಂದ ಮೇದಪ್ಪ. "ನೀರು ಹಾಕಿದವ ನಾನಲ್ಲ."

ಇನ್ನು ಹಚ್ಚುವವರು ಯಾರು ಎಂಬ ಪ್ರಶ್ನೆ ಬಂತು.

"ನಾನು ಮುಟ್ಟುವ ಹಾಗಿಲ್ಲ. ಇಲ್ಲಿಂದ ಹೇಳ್ತೇನೆ," ಎಂದ ಕುಂಞಿ ಮೋನು, ಎರಡು ಮಾರು ಹಿಂದೆ ಸರಿದು.

"ನಾನು ಈಗ ಪೂಜೆ ಮುಗಿಸಿ ಎದ್ದವ," ಎಂದರು ಭಟ್ಟರು.

"ನನಗೆ ಮುಟ್ಟಲಿಕ್ಕೆ ತೊಂದರೆ ಇಲ್ಲ," ಎಂದ ಮೇದಪ್ಪ. "ಆದ್ರೆ ಅದನ್ನು ಕೈಯಲ್ಲಿ ಹಿಡಿದ್ರೆ ನನಗೆ ಬೇರೆ ಕೆಲಸ ನೆನಪಾಗ್ತದೆ."

ಆಗ ದೇವಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ರೇಡಿಯೋದ ಮುಂದೆ ಕೂತಳು. ಪರಮೇಶ್ವರಿ ಅಮ್ಮ ಹೊಸೆದಿಟ್ಟ ಬತ್ತಿಗಳ ಕಟ್ಟನ್ನು ಅವಳ ಮಡಿಲಿಗೆ ಹಾಕಿದರು. ಮಗ ಬಾಯಿ ತೆರೆದದ್ದು ನೋಡಿ, "ದೇವರಿಗೆ ಬೇರೆ ಹೊಸೆದು ಕೊಡ್ತೇನೆ. ದೇವರಿಗೆ ಅವಸರ ಇಲ್ಲ," ಎಂದರು.

ಬತ್ತಿಯನ್ನು ಅದ್ದಿ ಕಾಗದದ ಅಂಚಿಗೆ ಎಳೆದಳು. ಮೊದಲು ಏನೂ ಆಗಲಿಲ್ಲ. ಎರಡನೆಯ ಬತ್ತಿಗೆ ಅಂಚು ಮೆತ್ತಗಾಯಿತು. ಮೂರನೆಯದಕ್ಕೆ, ನಿದ್ದೆಯಲ್ಲಿದ್ದವರು ಹೊದಿಕೆ ಸರಿಸುವ ಹಾಗೆ, ಕಾಗದ ತಾನಾಗಿ ಒಂದಿಷ್ಟು ಬಿಟ್ಟಿತು. ಹಿಡಿದು ಮೆಲ್ಲನೆ ಎಳೆದರೆ ಕೈಯುದ್ದಕ್ಕೆ ನೀಲಿ ಕಾಗದ ಬಂತು. ಅದರ ಹಿಂದೆ ಗಾಜಿನ ಮೇಲೆ ಉಳಿದ ಅಂಟು ಹಸಿರುಗಟ್ಟಿದ ಜೇನಿನ ಹಾಗೆ ಹೊಳೆಯುತ್ತಿತ್ತು.

"ಉಜ್ಜಬೇಡಿ ಅಕ್ಕ, ತಿಕ್ಕಿದ್ರೆ ಹರಡ್ತದೆ. ಬತ್ತಿ ಇಟ್ಟು ಕಾಯಿರಿ. ಅದು ಕುಡೀಲಿ. ಮತ್ತೆ ಒಂದೇ ಕಡೆಗೆ ಎಳೀರಿ. ಹ್ಞಾಂ. ಈಗ ಹಿಂದಿನ ದಾರಕ್ಕೆ, ಎಣ್ಣೆ ಹೋಗ್ಲಿ. ಮತ್ತೆ ಸಂದಿಗೆ. ಮುಳ್ಳಿನ ಬುಡಕ್ಕೆ. ಎರಡೇ ಹನಿ," ಎಂದು ಕುಂಞಿ ಮೋನು ದೂರದಿಂದಲೇ ಹೇಳುತ್ತಿದ್ದ.

ಗೇರುಹಣ್ಣಿನ ವಾಸನೆ ಕೋಣೆಯಲ್ಲಿ ತುಂಬಿ, ಅಟ್ಟಕ್ಕೇರಿ, ಇಳಿದು ಬಂತು. ಗಡಿಯಾರದ ಸದ್ದು ಹತ್ತಿಯಲ್ಲಿ ಸುತ್ತಿದಂತೆ ದೂರವಾಯಿತು. ಗೋಡೆಗೊರಗಿದ್ದ ಪರಮೇಶ್ವರಿ ಅಮ್ಮ ಅರೆಗಣ್ಣಾಗಿ, ತಮ್ಮ ಎಂಟನೆಯ ವಯಸ್ಸಿನಲ್ಲಿ ದೋಣಿಯಲ್ಲಿ ಹೊಳೆ ದಾಟಿದಾಗ ನೀರಿನೊಳಗೆ ಇನ್ನೊಂದು ದೋಣಿ ತಲೆಕೆಳಗಾಗಿ ಬಂದದ್ದನ್ನು, ಅದರಲ್ಲಿದ್ದ ಹುಡುಗಿ ತನ್ನನ್ನು ನೋಡಿ ನಕ್ಕದ್ದನ್ನು ಯಾರಿಗೋ ಹೇಳತೊಡಗಿದರು. ಮೇದಪ್ಪ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯುತ್ತಿದ್ದ, ಉಸಿರಿಗೆ ಪಾನನಿರೋಧವಿರಲಿಲ್ಲ. ಭಟ್ಟರು ಮೂಗಿಗೆ ಶಾಲು ಹಿಡಿದಿದ್ದರು. ಶಾಲಿನ ಮೇಲೆ ಅವರ ಕಣ್ಣುಗಳು ಎಂದಿಗಿಂತ ಸೌಮ್ಯವಾಗಿದ್ದವು.

ಆಗ ಗಾಜಿನಲ್ಲಿ ಏನೋ ಚಲಿಸಿತು.

"ಅಕ್ಕ, ನಿಲ್ಲಿಸಿ ನಿಲ್ಲಿಸಿ!" ಎಂದ ಕುಂಞಿ ಮೋನು. ತಡವಾಗಿತ್ತು. ಗಾಜಿನ ಒಳಮೈಗೆ ಬರೆದಿದ್ದ ಊರುಗಳಿಗೂ ಸಾರಾಯಿ ಇಳಿದಿತ್ತು. ಅಕ್ಷರಗಳು ಮೊದಲು ಊದಿಕೊಂಡವು. ಮತ್ತೆ ಒಂದೊಂದಾಗಿ ಸಾಲು ಬಿಟ್ಟು, ಗಾಜಿನ ಮೇಲೆ ಮೆಲ್ಲನೆ ಕೆಳಕ್ಕೆ ಜಾರತೊಡಗಿದವು. ಇಂಗ್ಲಿಷ್ ಅಕ್ಷರ ಬಲ್ಲ ಕುಂಞಿ ಮೋನು ಬಸ್ಸಿನ ಕಂಡಕ್ಟರನಂತೆ ಹೇಳುತ್ತಾ ಹೋದ: "ಕೈರೋ ಇಳೀತು... ಕೊಲಂಬೊ ಇಳೀತು... ಲಂಡನ್... ಅರ್ಧ ಉಂಟು... ಲಂಡನ್ನೂ ಇಳೀತು..."

"ಧಾರವಾಡ?" ಎಂದರು ಭಟ್ಟರು, ಶಾಲು ತೆಗೆದು.

"ಅದೇ ಮೊದಲು ಹೋಯ್ತು ಭಟ್ರೆ. ಕಿಂಡಿ ಬಿಟ್ಟಿದ್ರಲ್ಲ, ಅಲ್ಲಿ ಕಾಗದವೂ ಇರಲಿಲ್ಲ ತಡೀಲಿಕ್ಕೆ."

ದೇವಕಿ ಕೈ ತೆಗೆಯಲಿಲ್ಲ. ತೆಗೆದರೆ ಮುಳ್ಳು ಅರ್ಧದಲ್ಲೇ ಉಳಿಯುತ್ತದೆ. ಬೆಂಗಳೂರು ಜಾರಿ ಚೌಕಟ್ಟಿನ ಮೂಲೆಯಲ್ಲಿ ಬಣ್ಣದ ಮುದ್ದೆಯಾದದ್ದನ್ನು ನೋಡುತ್ತಲೇ ಕೊನೆಯ ಬತ್ತಿಯನ್ನು ಮುಳ್ಳಿನ ಬುಡಕ್ಕಿಟ್ಟು, ಇನ್ನೊಂದು ಕೈಯಲ್ಲಿ ತಿರುಗಣೆ ಹಿಡಿದಳು. ಟಕ್ ಎಂದಿತು. ಐದು ದಿನ ಬಯಲಿನಲ್ಲಿ ನಿಂತಿದ್ದ ಕೆಂಪು ಮುಳ್ಳು ಮೈಮುರಿದು, ಒಂದು ಅಕ್ಷರವೂ ಇಲ್ಲದ ಗಾಜಿನ ಈ ತುದಿಯಿಂದ ಆ ತುದಿಗೆ ನಿರಾತಂಕವಾಗಿ ಹೋಯಿತು.

ಗಡಿಯಾರದಲ್ಲಿ ಒಂದು ಇಪ್ಪತ್ತೈದು.

"ಈಗ ಹಾಕುವ ಹಾಗಿಲ್ಲ," ಎಂದ ಕುಂಞಿ ಮೋನು. "ಒಳಗೆ ಆವಿ ಉಂಟು. ಒಂದು ಕಿಡಿ ಹಾರಿದ್ರೆ ರೇಡಿಯೋ, ಮನೆ, ನಾವು, ಎಲ್ಲ ಒಟ್ಟಿಗೆ ವಾರ್ತೆಯಲ್ಲಿ ಬರ್ತೇವೆ. ಕಾಲು ಗಂಟೆ ಆರಬೇಕು."

ದೇವಕಿ ಬೀಸಣಿಗೆ ತಂದಳು. ಅಡಿಕೆ ಹಾಳೆಯ ಬೀಸಣಿಗೆ. ರೇಡಿಯೋದ ಬೆನ್ನಿಗೆ ಬೀಸಿದಳು, ಜ್ವರದ ಮಗುವಿಗೆ ಬೀಸುವಂತೆ. ಒಂದೂವರೆಯಾಯಿತು. ಬೆಂಗಳೂರಿನಲ್ಲಿ ಈಗ ಆ ಹೆಂಗಸು ನಮಸ್ಕಾರ ಹೇಳಿರುತ್ತಾಳೆ. ಒಂದು ಮೂವತ್ತೈದು. ಯಾರದ್ದೋ ಉಪ್ಪಿನಕಾಯಿಯ ವಿಷಯ ಓದುತ್ತಿರುತ್ತಾಳೆ. ಅತ್ತೆಯೂ ಎದ್ದು ಬಂದು ಇನ್ನೊಂದು ಬೀಸಣಿಗೆ ಹಿಡಿದರು. ವಾರ್ತೆಯ ಹೊತ್ತೇ ಅಲ್ಲದ ಹೊತ್ತಿನಲ್ಲಿ ವಾರ್ತೆಗಾಗಿ ಇಬ್ಬರು ಹೆಂಗಸರು ಹೀಗೆ ಗಾಳಿ ಹಾಕುವುದನ್ನು ಭಟ್ಟರು ನೋಡಿ, ವಾಸನೆ ತಲೆಗೇರಿದೆ ಎಂದುಕೊಂಡರು.

ಕುಂಞಿ ಮೋನು ಮೂಗು ಒಳಗಿಟ್ಟು ಮೂಸಿ, "ಹ್ಞೂಂ," ಎಂದ.

ರೇಡಿಯೋ ಬಿಸಿಯಾಗಲು ಇನ್ನೂ ಒಂದು ನಿಮಿಷ. ದೀಪ ಹತ್ತಿತು. ಖಾಲಿ ಗಾಜಿನ ಉದ್ದಕ್ಕೂ ಒಂದೇ ಸಮನೆ ಹಳದಿ ಬೆಳಕು, ನಡುವೆ ದೋಣಿ, ದಡದಲ್ಲಿ ಒಂದು ಮನೆಯೂ ಇಲ್ಲ. ದೇವಕಿ ಕಣ್ಣು ಮುಚ್ಚಿದಳು. ಹೇಗೂ ನೋಡಲು ಏನೂ ಇರಲಿಲ್ಲ. ತರಗೆಲೆಯ ಸದ್ದು. ಮುಂದೆ, ಎಲ್ಲೋ ಕೊಳಲು. ತಮಿಳು. ಇನ್ನೂ ಮುಂದೆ ನಾಗಸ್ವರ. ಮತ್ತೆ ಹಿಂದೆ, ಕೂದಲೆಳೆಯಷ್ಟು. ತರಗೆಲೆ. ಅದರ ಅಡಿಯಲ್ಲಿ, ಬಾವಿಯೊಳಗಿನಿಂದ ಕೊಡ ಬರುವ ಹಾಗೆ, ಒಂದು ಹೆಣ್ಣು ಸ್ವರ ಮೇಲೆ ಬಂತು.

"...ಉಪಾಯವನ್ನು ನಮಗೆ ಬರೆದು ಕಳಿಸಿದವರು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿನ ಕೆದಂಬಾಡಿಯಿಂದ ಶ್ರೀಮತಿ ದೇವಕಿ."

ಅಷ್ಟೇ. ಪತ್ರ ಆಗಲೇ ಓದಿ ಮುಗಿದಿತ್ತು. ಸ್ವರ ಒಂದು ಕ್ಷಣ ತಡೆದು, "ಎಲ್ಲ ಬಗೆಯ ಅಂಟಿಗೂ ಇದು ಆಗುತ್ತದೆ ಎಂದು ಅವರು ಹೇಳಿದ್ದಾರೆ. ಕೇಳುಗರು ಪ್ರಯತ್ನಿಸಿ ನೋಡಬಹುದು," ಎಂದು ಬೇರೆ ಯಾರದ್ದೋ ಹಪ್ಪಳಕ್ಕೆ ಹೋಯಿತು.

ದೇವಕಿಯ ಕೈ ತಿರುಗಣೆಯ ಮೇಲೇ ಇತ್ತು. ಅವಳು ಹಿಂದೆ ತಿರುಗಿ ನೋಡಲಿಲ್ಲ.

"ಕೆದಂಬಾಡಿಯಲ್ಲಿ ಯಾವ ದ..." ಎಂದು ಆರಂಭಿಸಿದ ಭಟ್ಟರು, ಬಾಯಿ ತೆರೆದುಕೊಂಡೇ ನಿಂತರು.

"ನಮ್ಮ ಮನೆಯಲ್ಲೇ ಒಬ್ಬಳುಂಟು," ಎಂದರು ಪರಮೇಶ್ವರಿ ಅಮ್ಮ. "ಹತ್ತೊಂಬತ್ತು ವರ್ಷದಿಂದ ಉಂಟು."

ಅಂಗಳದ ಬಿಸಿಲು ಇನ್ನೂ ನಡುಗುತ್ತಿತ್ತು. ಮೇದಪ್ಪ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಉಳಿದದ್ದನ್ನು ನೋಡಿದ. ಅದನ್ನು ಹಿಂದಕ್ಕೆ ಒಯ್ಯುವ ಕಷ್ಟವನ್ನು ತಾನೇ ಹೊರುತ್ತೇನೆಂದ. ಕುಂಞಿ ಮೋನು ಮೆಲ್ಲನೆ, "ಅಕ್ಕ, ಇನ್ನೊಂದು ಕಾರ್ಡು ಬರೀರಿ. ರೇಡಿಯೋಕ್ಕೆ ಮಾತ್ರ ತೆಂಗಿನೆಣ್ಣೆ ಹಾಕಬೇಡಿ ಅಂತ," ಎಂದ.

"ಬರೀಬಹುದು," ಎಂದಳು ದೇವಕಿ. ಅವಳ ಸ್ವರ ಎಲ್ಲಿಂದಲೋ ಬರುವಂತಿತ್ತು. "ಮತ್ತೆ ಎಂತ ಹಾಕುದು ಅಂತ ಅವರು ಕೇಳಿದ್ರೆ?"

ಆ ಉತ್ತರವನ್ನು ಬೆಂಗಳೂರು ನಿಲಯ ಓದುವಂತಿರಲಿಲ್ಲವಾದ್ದರಿಂದ, ದಕ್ಷಿಣ ಕನ್ನಡದಿಂದ ಆ ಕಾರ್ಡು ಹೋಗಲೇ ಇಲ್ಲ.

ಪತ್ತನಾಜೆ ಕಳೆದು ಮದ್ದಿನ ಕೆಲಸ ಶುರುವಾಯಿತು. ಮಳೆ ಹಿಡಿದ ಮೇಲೆ ಮೇದಪ್ಪನ ಗೊನೆಗಳೂ ತಿಳಿನೀಲಿಯಾಗಿಯೇ ಇದ್ದವೆಂದು ಕೇಳಿದ್ದೇವೆ. ರೇಡಿಯೋದ ಗಾಜಿಗೆ ಹೊಸ ಹೆಸರು ಬರೆದು ಅಂಟಿಸುವ ಮಾತನ್ನು ಭಟ್ಟರು ಒಮ್ಮೆ ಎತ್ತಿದರು. ಅಂಟು ಎಂಬ ಶಬ್ದ ಬಾಯಿಂದ ಬಿದ್ದೊಡನೆ ತಾವೇ ನಿಲ್ಲಿಸಿದರು. ಆದರೆ ಹೆಸರಿಲ್ಲದ ಗಾಜಿನಲ್ಲಿ ಬೇಕಾದ ಊರು ಹುಡುಕುವುದು ಹೇಗೆ? ಮನೆಯವರು ತಮಗೆ ಗೊತ್ತಿದ್ದ ಗುರುತುಗಳನ್ನೇ ಇಟ್ಟುಕೊಂಡರು. ಹೊತ್ತು ಕಂತುವಾಗ ಅರಬ್ಬಿ ಬರುವ ಜಾಗ 'ಅಮ್ಮನ ಕಾಶಿ'. ತಿಂಗಳಿಗೊಮ್ಮೆ ಗಡಿಯಾರ ನೋಡುವ ನೆಪದಲ್ಲಿ ಕುಂಞಿ ಮೋನು ಸರಿಯಾಗಿ ಆ ಹೊತ್ತಿಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಹಾಡಿನ ಜಾಗಕ್ಕೆ ಗುರುತಿನ ಅಗತ್ಯವಿರಲಿಲ್ಲ, ದೇವಕಿಯ ಕೈಗೆ ದಾರಿ ಗೊತ್ತಿತ್ತು. ಗಂಡನ ಮೆಟ್ಟಿನ ಸದ್ದಿಗೆ ಅವಳು ಈಗ ಮುಳ್ಳನ್ನು ಓಡಿಸುತ್ತಿರಲಿಲ್ಲ. ಮುಳ್ಳು ಎಲ್ಲಿದೆಯೆಂದು ನೋಡಿ ಹೇಳುವ ಉಪಾಯವೂ ಅವರಲ್ಲಿರಲಿಲ್ಲ.

ಭಟ್ಟರು ಹೆಂಡತಿಯನ್ನು ಕರೆಯುವುದು ಕೊನೆಯವರೆಗೂ 'ಇಕೊಳ್ಳು' ಎಂದೇ. ಆದರೆ ಸಂಜೆ ಕೃಷಿಕರ ಕಾರ್ಯಕ್ರಮದ ಹೊತ್ತಿಗೆ, ತೋಟದಿಂದ ಬಂದು ಕಾಲು ತೊಳೆಯುತ್ತಾ, ಅವರು ಅಂಗಳದಿಂದಲೇ ಕೂಗಿ ಹೇಳುವುದನ್ನು ದಾರಿಯಲ್ಲಿ ಹೋಗುವವರೆಲ್ಲ ಕೇಳಿದ್ದಾರೆ:

"ಮುಳ್ಳನ್ನು ಮೊದಲು ದೇವಕಿಯಲ್ಲಿ ಇಡು. ಅಲ್ಲಿಂದ ಒಂಚೂರು ಎಡಕ್ಕೆ ತಿರುಗಿಸು. ಧಾರವಾಡ ಬರ್ತದೆ."